ಎಂಟು ನಳಿಗೆಗಳ ಸೀಸದಕ್ಕ

ಬೆಳಗಿನ ಐದೂಮುಕ್ಕಾಲು. ಗುರಿ ಅಭ್ಯಾಸದ ಮೈದಾನದ ಹಿಂಬದಿಯಲ್ಲಿ ತಗಡಿನ ಚಾವಣಿಯ ಒಂದು ಕೋಣೆ. ಕಿಟಕಿಗಳೆರಡೂ ಹಾರುಹೊಡೆದಿವೆ, ಗೋಡೆಯ ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ದಬ್ಬುತ್ತಿದೆ. ಕಬ್ಬಿಣದ ಕುಡಿಕೆಯಲ್ಲಿ ಸೀಸ ಕರಗಿ ತಳತಳಿಸುತ್ತಿದೆ. ಅದರ ಮುಂದೆ ತೊಗಲಿನ ಗವಸು, ತುಂಬುತೋಳಿನ ದಪ್ಪ ಅಂಗಿ, ಮೂಗು ಬಾಯಿ ಮುಚ್ಚಿದ ಮುಸುಕು ತೊಟ್ಟ ಹೆಂಗಸೊಬ್ಬರು ಸೌಟಿನಿಂದ ಅಚ್ಚಿಗೆ ಸೀಸ ಎರೆಯುತ್ತಿದ್ದಾರೆ. ಎಣಿಸಿ ಐದು ಉಸಿರು. ಅಚ್ಚು ತೆರೆದು ಮರದ ತುಂಡಿನಿಂದ ಮೆಲ್ಲಗೆ ಕುಟ್ಟಿದರೆ ಬಟ್ಟೆಯ ಮೇಲೆ ಗುಂಡು ಬೀಳುತ್ತದೆ. ಬಿದ್ದದ್ದನ್ನು ಅವರು ಕಣ್ಣ ಹತ್ತಿರ ಹಿಡಿದು ನೋಡುತ್ತಾರೆ, ತಲೆಯಾಡಿಸುತ್ತಾರೆ, ಮತ್ತೆ ಕುಡಿಕೆಗೇ ಹಾಕುತ್ತಾರೆ. ಇದು ಸತತವಾಗಿ ನಾಲ್ಕನೆಯದು.

"ಇವತ್ತು ಕೈ ನನ್ನ ಮಾತು ಕೇಳ್ತಿಲ್ಲ" ಎನ್ನುತ್ತಾರೆ.

ಕೈ ಮಾತು ಕೇಳದಿರಲು ಕಾರಣವಿದೆ. ಹತ್ತೂವರೆಗೆ ಈ ಮೈದಾನ ನಡೆಸುವ ಕ್ಲಬ್ಬಿನ ಸಮಿತಿ ಸೇರುತ್ತದೆ. ಕ್ಲಬ್ಬಿನ ಎಂಟು ಹಳೇ ರೈಫಲ್‌ಗಳ ನಳಿಗೆ ಸವೆದಿವೆ, ಅದಕ್ಕೆ ಇಲ್ಲಿ ಎರೆಯುವ ಸೀಸದ ಗುಂಡುಗಳೇ ಕಾರಣ, ಹಾಗಾಗಿ ಎರಕದ ಕೋಣೆಗೆ ಬೀಗ ಹಾಕಿ ಕಾರ್ಖಾನೆಯ ಗುಂಡು ತರಿಸೋಣ ಎಂದು ಕಾರ್ಯದರ್ಶಿಗಳು ಟಿಪ್ಪಣಿ ಬರೆದಿದ್ದಾರೆ. ಬೀಗ ಬಿದ್ದರೆ ಮೂವತ್ತೊಂದು ವರ್ಷಗಳ ಈ ಕೆಲಸ ಇವತ್ತಿಗೆ ಮುಗಿಯಿತು. ಗುಂಡಿನದ್ದು ತಪ್ಪಿಲ್ಲ ಎನ್ನುವುದಾದರೆ ಹತ್ತೂವರೆಯೊಳಗೆ ಅದನ್ನು ತೋರಿಸಬೇಕು.

ಇವರ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಎಲ್ಲರ ಬಾಯಲ್ಲೂ ಸೀಸದಕ್ಕ. ವಯಸ್ಸು ಐವತ್ತೆಂಟು. ಈ ಮೈದಾನದಲ್ಲಿ ಗುರಿ ಕಲಿತು ಪದಕ ಗೆದ್ದವರ ಫೋಟೋಗಳು ಕಚೇರಿಯ ಮೂರು ಗೋಡೆ ತುಂಬ ಇವೆ. ಅವರು ಹಾರಿಸಿದ ಗುಂಡು ಎರೆದವರ ಫೋಟೋ ಒಂದೂ ಇಲ್ಲ. ಪತ್ರಿಕೆಗೆ ಲೇಖನ ಬರೆಯಲು ಬಂದ ನಾನು ಕೇಳಿದ್ದಕ್ಕೆ ಗುಮಾಸ್ತರು, "ಅವ್ರು ಯಾವಾಗ್ಲೂ ಮುಸುಕು ಹಾಕ್ಕೊಂಡಿರ್ತಾರಲ್ಲ ಸಾರ್" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕೆಲಸ ಕಲಿಸಿದ್ದು ಮಾವ, ಅಂದರೆ ಗಂಡನ ತಂದೆ. ಅವರು ಇದೇ ಕ್ಲಬ್ಬಿನಲ್ಲಿ ಕೋವಿ ರಿಪೇರಿ ಮಾಡುತ್ತಿದ್ದರು. ಕಣ್ಣು ಮಂಜಾದಾಗ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಳತೆ ಓದಿಸಿದರು, ಆಮೇಲೆ ಎರೆಯಲು ಬಿಟ್ಟರು, ಒಂದು ದಿನ ಬೀಗದ ಕೈಯನ್ನೂ ಕೊಟ್ಟರು. ದಿನಕ್ಕೆ ನಾನ್ನೂರು ಗುಂಡು. ಎರೆದ ನೂರರಲ್ಲಿ ಹತ್ತು ಹನ್ನೆರಡು ಮತ್ತೆ ಕುಡಿಕೆಗೆ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಸೀಸ ಮೈಗೆ ಸೇರಿದೆಯೇ ಎಂದು. ಎರಡು ಸಲ ಸೇರಿತ್ತು. ಒಮ್ಮೆ ನಾಲ್ಕು ತಿಂಗಳು ಮನೆಯಲ್ಲಿ ಕೂತರು. ಈ ಕೋಣೆಯಲ್ಲಿ ನೀರನ್ನೂ ಕುಡಿಯುವಂತಿಲ್ಲ. ಕೆಲಸದ ಬಟ್ಟೆಗೆ ಬೇರೆ ಬಕೆಟ್ಟು, ಬೇರೆ ಹಗ್ಗ. ಸ್ನಾನವಾಗುವ ತನಕ ಮೊಮ್ಮಗಳನ್ನು ಮುಟ್ಟುವುದಿಲ್ಲ. ಮಗು ಬಾಗಿಲಲ್ಲಿ ಕೈಚಾಚಿ ನಿಂತಿದ್ದರೂ ಇವರು ಗೋಡೆಗೆ ಅಂಟಿಕೊಂಡು ಬಚ್ಚಲಿಗೆ ನುಗ್ಗುತ್ತಾರಂತೆ. ಬಸ್ ಓಡಿಸಿ ನಿವೃತ್ತರಾದ ಯಜಮಾನರು, "ನಾನು ಮೂವತ್ತು ವರ್ಷ ಜನರನ್ನ ದಡ ಸೇರಿಸ್ದೆ, ಒಬ್ರೂ ನೆನೆಸ್ಕೊಳ್ಳಲ್ಲ. ಇವಳ ಗುಂಡು ಗುರಿ ತಪ್ಪಿದ್ರೆ ಮಾತ್ರ ಎಲ್ರಿಗೂ ಇವಳ ನೆನಪು" ಎಂದು ಛೇಡಿಸುತ್ತಾರೆ.

ಈಗ ಆಗಿರುವುದು ಅದೇ. ಆರು ವರ್ಷದ ಹಿಂದೆ ಐವತ್ತು ಮೀಟರಿಗೆ ಹೊಡೆದ ಐದು ಗುಂಡು ಒಂದು ನಾಣ್ಯದಡಿ ಅಡಗುತ್ತಿದ್ದವು. ಈಗ ಅಂಗೈಯಗಲ ಚೆಲ್ಲಾಪಿಲ್ಲಿ.

ಸೀಸದಿಂದ ಉಕ್ಕು ಸವೆಯುತ್ತದೆಯೇ? ನಾನು ಈ ಪ್ರಶ್ನೆ ಕೇಳಿದ್ದೇ ತಡ, ಸೀಸದಕ್ಕ ಮುಸುಕು ಕೆಳಗೆಳೆದರು. "ಬೆಣ್ಣೆ ಕೊಯ್ದು ಯಾರ ಮನೆ ಚಾಕು ಮೊಂಡಾಗಿದೆ ಹೇಳಿ?" ಅಷ್ಟು ಹೇಳಿ ಸುಮ್ಮನಾಗುವವರಲ್ಲ. ನಳಿಗೆಯನ್ನು ತಿನ್ನುವವರು ಬೇರೆ ಇದ್ದಾರೆ ಎಂದು ವಿವರಿಸಿದರು. ಮೊದಲನೆಯದು ಮದ್ದಿನ ಬೆಂಕಿ. ಗುಂಡು ಕೂರುವ ಜಾಗದ ಎದುರಿಗಿನ ಗಂಟಲನ್ನು ಅದು ಸುಟ್ಟು ಸುಟ್ಟು ಅಗಲ ಮಾಡುತ್ತದೆ. ಎರೆದ ಗುಂಡು ನಳಿಗೆಗಿಂತ ಒಂದು ಕೂದಲೆಳೆ ಸಣ್ಣದಾದರೂ ಬಿಸಿ ಗಾಳಿ ಅದರ ಪಕ್ಕದಿಂದ ನುಸುಳಿ ಸೀಸವನ್ನು ಕರಗಿಸಿ ಒಳಗೋಡೆಗೆ ಮೆತ್ತುತ್ತದೆ. ಇದು ಸವೆತವಲ್ಲ, ಬರೀ ಕೊಳೆ, ಆದರೆ ನೋಡಿದವರಿಗೆ ನಳಿಗೆ ಹಾಳಾದಂತೆಯೇ ಕಾಣುತ್ತದೆ. ಗುಂಡಿಗೆ ಸವರುವ ಜಿಡ್ಡಿನಲ್ಲಿ ಮರಳಿನ ಕಣ ಸೇರಿದರೆ ಅದು ಉಜ್ಜುಕಾಗದವಾಗುತ್ತದೆ. ತೇವ ಉಳಿದರೆ ತುಕ್ಕು.

"ಗಂಟಲು ಅಗಲ ಆಗಿದ್ರೆ ನಾನು ಸೋತೆ. ಮದ್ದೋ ಗುಂಡೋ, ಎರಡೂ ನಾನೇ ಅಳತೆ ಮಾಡಿದ್ದು."

ಪರೀಕ್ಷೆ ಸರಳ. ನಳಿಗೆಗಿಂತ ತುಸು ದಪ್ಪನೆಯ ಮೆದು ಸೀಸದ ಉಂಡೆಯೊಂದನ್ನು ನಳಿಗೆಯ ಬಾಯಿಯಿಂದ, ಅಂದರೆ ಗುಂಡು ಹೊರಬೀಳುವ ತುದಿಯಿಂದ ತೂರಿಸಿ, ಹಿತ್ತಾಳೆಯ ಕಡ್ಡಿಯಿಂದ ಕೊನೆಯವರೆಗೂ ತಳ್ಳುವುದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕೈಗೆ ಗೊತ್ತಾಗುತ್ತದೆ. ಈ ರೈಫಲ್‌ಗಳು ಹಳೇ ನಮೂನೆಯವು, ಹಿಂದಿನಿಂದ ಕಡ್ಡಿ ತೂರಿಸಲು ಬರುವುದಿಲ್ಲ. ಏನು ಮಾಡುವುದಿದ್ದರೂ ಬಾಯಿಯಿಂದಲೇ.

ಏಳು ಗಂಟೆಗೆ ಮೊದಲ ರೈಫಲನ್ನು ಮೇಜಿನ ಹಿಡಿಕೆಗೆ ಬಿಗಿದರು. ಉಂಡೆಯನ್ನು ಬಾಯಿಗಿಟ್ಟು ಮರದ ಸುತ್ತಿಗೆಯಿಂದ ಒಂದು ಏಟು. ಅದು ಸಲೀಸಾಗಿ ಇಳಿಯಿತು. ಅವರ ಹುಬ್ಬು ಗಂಟಾಯಿತು. ಎರಡು ಬೆರಳಗಲ ಒಳಗೆ ಹೋದ ಮೇಲೆ ಬಿಗಿಯಾಯಿತು. ಇನ್ನು ಕಡ್ಡಿ. ಇಂಚಿಂಚು. ಅರ್ಧ ದಾಟಿತು, ಬಿಗಿ. ಮುಕ್ಕಾಲು ದಾಟಿತು, ಬಿಗಿ. ಇನ್ನುಳಿದದ್ದು ಗಂಟಲು. ಅವರು ಕಣ್ಣು ಮುಚ್ಚಿ ತಳ್ಳುತ್ತಿದ್ದಾರೆ. ಉಂಡೆ ಕೊನೆಯವರೆಗೂ ಅಷ್ಟೇ ಬಿಗಿಯಾಗಿ ಸಾಗಿ ಆ ಕಡೆ ಟಪ್ಪನೆ ಬಿತ್ತು.

"ಗಂಟಲು ಗಟ್ಟಿಯಾಗಿದೆ" ಎಂದರು. ಮುಖ ಅರಳಿತು. ಗುಂಡು ಗೆದ್ದಿತಲ್ಲ ಎಂದು ನನಗೂ ಖುಷಿಯಾಯಿತು.

ಎಂಟನ್ನೂ ನೋಡಿದರು. ಎಂಟರದ್ದೂ ಒಂದೇ ಕಥೆ: ಬಾಯಲ್ಲಿ ಸಡಿಲ, ಆಮೇಲೆ ಪೂರ್ತಿ ಬಿಗಿ. ಭೂತಗನ್ನಡಿ ತೆಗೆದುಕೊಂಡು ಒಂದೊಂದರ ಬಾಯನ್ನೂ ದೀಪಕ್ಕೆ ಹಿಡಿದರು. ಗುಂಡನ್ನು ತಿರುಗಿಸಿ ಕಳಿಸುವ ಸುರುಳಿ ಗೆರೆಗಳು ನಳಿಗೆಯ ಬಾಯಲ್ಲಿ ಒಂದೇ ಬದಿಗೆ ಒರೆಸಿಹೋಗಿದ್ದವು. ಗುಂಡು ಹೊರಬೀಳುವ ಕಡೇ ಗಳಿಗೆಯಲ್ಲಿ ಆ ಬದಿ ಹಿಡಿತ ತಪ್ಪಿದರೆ ಗುರಿ ಚೆಲ್ಲುತ್ತದೆ. ಇದು ಕಡ್ಡಿಯ ಕೆಲಸ, ಒರೆಸುವ ಉಕ್ಕಿನ ಕಡ್ಡಿ ಬಾಯಿಯ ಅಂಚಿಗೆ ಒರಗಿ ಉಜ್ಜಿದ್ದು ಎಂದರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು ತಮ್ಮ ಕೈಯನ್ನೇ ನೋಡುತ್ತ ಕೂತರು.

"ಎಂಟೂ ಎಡಗಡೆ" ಎಂದರು. "ಇಲ್ಲಿ ಎಡಚಿ ಅಂತ ಇರೋದು ನಾನೊಬ್ಳೇ."

ಆರು ವರ್ಷದ ಹಿಂದೆ ಯಾರೋ ಸದಸ್ಯರು ನಳಿಗೆಯೊಳಗೆ ಸೀಸದ ಗೆರೆ ಕಂಡು ಗಲಾಟೆ ಮಾಡಿದ್ದರು. ಅಂದಿನಿಂದ ಸೀಸದಕ್ಕನಿಗೆ ಅದೊಂದು ಹಟ. ತನ್ನ ಗುಂಡಿನ ಮೇಲೆ ಒಂದು ಮಾತು ಬರಬಾರದು. ಸೀಸ ಮೆತ್ತಿರಲಿ ಬಿಡಲಿ, ದಿನಾ ಸಂಜೆ ಎಂಟು ನಳಿಗೆಗೂ ನಲವತ್ತು ಸಲ ಕಡ್ಡಿ ಹಾಕಿ ಉಜ್ಜಿದರು. ಕಡ್ಡಿ ನಡುವೆಯೇ ನಿಲ್ಲುವಂತೆ ಬಾಯಿಗೆ ತೊಡಿಸುವ ಹಿತ್ತಾಳೆಯ ಬಳೆಯೊಂದಿದೆ, ಮಾವನ ಕಾಲದ್ದು. ಒಂದೊಂದಕ್ಕೂ ಅದನ್ನು ತಿರುಪಿ ಕೂರಿಸಿ ಬಿಚ್ಚುತ್ತಿದ್ದರೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಕೊನೆಯ ಬಸ್ಸು ತಪ್ಪುತ್ತದೆ. ಬಳೆ ಡ್ರಾಯರಿನಲ್ಲೇ ಉಳಿಯಿತು. ಅವರು ಬಾಯಿಲೆಕ್ಕ ಹಾಕಿದರು: ವರ್ಷಕ್ಕೆ ಮುನ್ನೂರು ದಿನ, ಆರು ವರ್ಷ, ದಿನಕ್ಕೆ ನಲವತ್ತು. ಒಂದೊಂದು ನಳಿಗೆಗೆ ಎಪ್ಪತ್ತೆರಡು ಸಾವಿರ ಸಲ.

ಆಗ ಒಂಬತ್ತೂಕಾಲು. ನಾನು ಪತ್ರಕರ್ತ, ನಡುವೆ ಬಾಯಿ ಹಾಕಬಾರದು ಎಂದು ಗೊತ್ತು. ಆದರೂ ತಡೆಯಲಾಗಲಿಲ್ಲ. ಗುಂಡಿನಿಂದ ಆದದ್ದಲ್ಲ ಎಂದಷ್ಟೇ ಹೇಳಿ ಬನ್ನಿ, ಕಡ್ಡಿ ಹಿಡಿದದ್ದು ಯಾರೆಂದು ಅವರು ಕೇಳುವುದಿಲ್ಲ, ಎಡ ಬಲ ಎಂಬುದು ಅವರಿಗೆ ಹೊಳೆಯುವುದೂ ಇಲ್ಲ ಎಂದೆ. ಸದಸ್ಯರೂ ಆಗಾಗ ಒರೆಸುತ್ತಾರಲ್ಲ ಎಂದೂ ಸೇರಿಸಿದೆ. ಅವರು ನನ್ನನ್ನು ಒಂದು ಸಲ ನೋಡಿ ಎಂಟು ಉಂಡೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡರು. ನಾನು ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

ಹತ್ತೂವರೆಗೆ ಸಮಿತಿಯ ಕೋಣೆ. ಉದ್ದನೆಯ ಮೇಜು, ಏಳು ಕುರ್ಚಿ, ಎಂಟನೆಯದನ್ನು ಯಾರೂ ಎಳೆದು ಕೊಡಲಿಲ್ಲ. ಸೀಸದಕ್ಕ ನಿಂತೇ ಮಾತಾಡಿದರು. ಎಂಟು ಉಂಡೆಗಳನ್ನು ಸಾಲಾಗಿ ಇಟ್ಟರು, ಗಂಟಲು ಗಟ್ಟಿಯಿರುವುದನ್ನು ಅಳತೆ ಸಮೇತ ತೋರಿಸಿದರು, ಬಾಯಿಯ ಸವೆತವನ್ನು ಭೂತಗನ್ನಡಿಯಲ್ಲಿ ಏಳೂ ಜನಕ್ಕೆ ಕಾಣಿಸಿದರು. ಕಾರ್ಯದರ್ಶಿಗಳು ಕನ್ನಡಕ ಎತ್ತಿ, ಹಾಗಾದರೆ ಗುಂಡಿನ ತಪ್ಪಿಲ್ಲವೇ ಎಂದು ಕೇಳಿದರು. ಸೀಸದಕ್ಕ ಇಲ್ಲ ಎಂದರು. ಕಾರ್ಯದರ್ಶಿಗಳು ಟಿಪ್ಪಣಿ ಮಡಚಿದರು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಯಾರೋ ಆಗಲೇ ಕಾಫಿಗೆ ಹೇಳಲು ಎದ್ದಿದ್ದರು.

"ಕೂತ್ಕೊಳ್ಳಿ ಸಾರ್, ಇನ್ನೂ ಇದೆ" ಎಂದರು ಸೀಸದಕ್ಕ. "ಕಡ್ಡಿ ಹಾಕಿದ್ದು ನಾನು. ಬಳೆ ಹಾಕ್ದೆ ಉಜ್ಜಿದ್ದೂ ನಾನೇ. ಎಂಟೂ ನಳಿಗೆ ನನ್ನ ಕೈಯಿಂದಾನೇ ಸವೆದಿದೆ."

ನಾನು ಎಷ್ಟೋ ಸಭೆ ನೋಡಿದ್ದೇನೆ. ತಪ್ಪು ತನ್ನದು ಎಂದು ಒಬ್ಬರು ಹೇಳಿದಾಗ ಉಳಿದವರಿಗೆ ಕಣ್ಣು ಎಲ್ಲಿಡಬೇಕೆಂದು ತಿಳಿಯದ ಸಭೆ ಅದೊಂದೇ. ಅವರನ್ನು ಹೊರಗೆ ಕೂರಿಸಿದರು. ನಲವತ್ತು ನಿಮಿಷ ಬಾಗಿಲು ತೆರೆಯಲಿಲ್ಲ. ಸೀಸದಕ್ಕ ಬೆಂಚಿನ ತುದಿಯಲ್ಲಿ, ಎಡಗೈಯನ್ನು ಬಲಗೈಯೊಳಗೆ ಮುಚ್ಚಿಕೊಂಡು ಕೂತಿದ್ದರು. ಮನೆಗೆ ಫೋನ್ ಮಾಡಲೇ ಎಂದು ಕೇಳಿದೆ. ಬೇಡ, ಯಜಮಾನರು ಸುಮ್ಮನೆ ಗಾಬರಿಯಾಗುತ್ತಾರೆ ಎಂದರು.

ಕೊನೆಗೆ ಕಾರ್ಯದರ್ಶಿಗಳೇ ಹೊರಬಂದರು. ಎರಕದ ಕೋಣೆ ಇರುತ್ತದೆ, ಎರೆಯುವ ಕೆಲಸವೂ ಇವರದೇ. ಎಂಟೂ ನಳಿಗೆಗಳ ಬಾಯನ್ನು ಸವೆದಷ್ಟು ಕತ್ತರಿಸಿ ಹೊಸದಾಗಿ ಕಡೆಸುತ್ತಾರೆ. ಒರೆಸುವ ಕೆಲಸ ಮಾತ್ರ ಇನ್ನು ಮುಂದೆ ಬೇರೆಯವರಿಗೆ. ಕೊನೆಯ ಮಾತನ್ನು ಕಾರ್ಯದರ್ಶಿಗಳು ನೆಲ ನೋಡುತ್ತ ಹೇಳಿದರು. ಸೀಸದಕ್ಕ ತಲೆಯಾಡಿಸಿ, ಹೊಸಬರಿಗೆ ಬಳೆ ಕೂರಿಸುವುದನ್ನು ತಾನೇ ಕಲಿಸುತ್ತೇನೆ ಎಂದರು. ದಿನಾ ಸಂಜೆ ಮಕ್ಕಳ ತಲೆ ಒರೆಸಿದಂತೆ ಒರೆಸುತ್ತಿದ್ದ ನಳಿಗೆಗಳು. ಅವರಿಗೆ ನೋವಾಗಿದೆ, ತುಂಬಾ ನೋವಾಗಿದೆ.

ಕೋಣೆಗೆ ಮರಳಿ ಬಂದು ಕುಡಿಕೆಗೆ ಮತ್ತೆ ಉರಿ ಹಚ್ಚಿದರು. ಮಧ್ಯಾಹ್ನದೊಳಗೆ ಇನ್ನೂರಾದರೂ ಆಗಬೇಕಂತೆ. ನಾನು ನೋಟ್‌ಬುಕ್ ಮುಚ್ಚುತ್ತ, ಎಡಗೈ ವಿಷಯವನ್ನೂ ಕಡ್ಡಿಯ ವಿಷಯವನ್ನೂ ಲೇಖನದಲ್ಲಿ ಬಿಡುತ್ತೇನೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರುತ್ತಿದೆ, ಚೆನ್ನಾಗೇ ಬರಲಿ ಎಂದೆ.

ಸೀಸದಕ್ಕ ಮುಸುಕು ಏರಿಸಿಕೊಳ್ಳುತ್ತಿದ್ದವರು ನಿಲ್ಲಿಸಿದರು.

"ಬಿಡಬೇಡಿ, ಬರೀರಿ. ಸವೆಸಿದ್ದು ಇವಳೇ ಅಂತ ದೊಡ್ಡದಾಗೇ ಬರೀರಿ. ಇಲ್ದಿದ್ರೆ ಜನ ತಪ್ಪನ್ನ ನನ್ನ ಗುಂಡಿನ ಮೇಲೆ ಹಾಕ್ತಾರೆ."