ಸೋಪು ಮುಟ್ಟದ ಊರು

ಸ್ಯಾನ್ ಮಟಿಯೋದ ಪುಟ್ಟ ಜಪಾನೀ ಟೀ ಅಂಗಡಿಯ ಗೋಡೆಯಲ್ಲಿ ಕೈಯಿಂದ ಬರೆದ ನಕ್ಷೆಯೊಂದು ತೂಗುತ್ತಿತ್ತು. ದೊಡ್ಡ ಸರೋವರ, ಹಿಂದೆ ಬೆಟ್ಟ, ನಡುವೆ ನಾಲ್ಕಾರು ಬೀದಿ. "ಜಪಾನಿನಲ್ಲಿರೋ ನನ್ನೂರು," ಎಂದರು ಅಂಗಡಿಯ ಅಜ್ಜಿ. ನನ್ನ ಅಕ್ಕನ ಮಗಳು ನಕ್ಷೆಯಲ್ಲಿದ್ದ ಹೆಸರನ್ನು ಫೋನಿನಲ್ಲಿ ಹುಡುಕಿ, "ಚಿಕ್ಕಮ್ಮ, ದೇರ್ ಈಸ್ ನೋ ಸಚ್ ಟೌನ್," ಅಂದುಬಿಟ್ಟಳು.

ಅಜ್ಜಿಗೆ ಕೇಳಿಸಿತು. "ಪಕ್ಕದ ಸಿಟಿಗೆ ಸೇರಿಸಿ ಹೆಸರು ಅಳಿಸಿದರು. ಸರೋವರವನ್ನೂ ಅಳಿಸಿದ್ದಾರಾ?" ಎಂದವರೇ ಪೆನ್ನು ತೆಗೆದು, ನಕ್ಷೆಯಲ್ಲಿ ಮಾಸಿದ್ದ ಹೆಸರನ್ನು ನಮ್ಮೆದುರೇ ದಪ್ಪಗೆ ತಿದ್ದಿದರು.

ಬೆಟ್ಟದ ನೀರು ಅಲ್ಲಿ ಒಂದೊಂದೇ ಅಡುಗೆಮನೆಯ ತೊಟ್ಟಿ ಹಾದು ಸರೋವರಕ್ಕೆ ಇಳಿಯುತ್ತಿತ್ತಂತೆ. ತಟ್ಟೆಗಂಟಿದ ಅನ್ನದ ಅಗುಳನ್ನು ತೊಟ್ಟಿಯ ಮೀನುಗಳೇ ತಿನ್ನುತ್ತಿದ್ದವಂತೆ. ಅದೇ ನೀರು ಕೆಳಗಿನ ಮನೆಗೂ ಬೇಕಲ್ಲ, ಹಾಗಾಗಿ ಯಾರೂ ಸೋಪು ಹಾಕುತ್ತಿರಲಿಲ್ಲ.

ನಾವು ಕುಡಿದ ಕಪ್ಪುಗಳಿಗೆ ಅಜ್ಜಿ ಸೋಪು ಹಾಕಿದರು. ಇಲ್ಲಿಯ ರೂಲ್ಸು ಹಾಗೆ. ತಮ್ಮ ಕಪ್ಪನ್ನು ಮಾತ್ರ ಬರೀ ನೀರಲ್ಲಿ ಉಜ್ಜಿದರು. ಯಾಕೆ ಎಂದು ಕೇಳಿದೆ.

"ಕೆಳಗಿನ ಮನೆಯವರು ಬೈತಾರೆ."

ಹೊರಗೆ ಫ್ರೀವೇ ಮೊರೆಯುತ್ತಿತ್ತು. ಆ ಊರಿಲ್ಲ ಅನ್ನುವವರು ಈ ಸಿಂಕಿನ ಮುಂದೆ ಬಂದು ನಿಂತು ಹೇಳಲಿ, ನೋಡೋಣ.