ಪಶ್ಚಿಮದ ಗೋಡೆಯ ಸೂರ್ಯ

ಗೆಳೆಯರೇ, ಎಂಬತ್ತೊಂದನೇ ಇಸವಿಯಲ್ಲಿ ಇದೇ ದಿನ, ಕುಣಿಗಲ್‌ನ ನಮ್ಮ ಹೊಸ ಮನೆಯ ಮುಂದೆ ತಾತ ಸುತ್ತಿಗೆ ಹಿಡಿದು ಏಣಿ ಹತ್ತಿದರು. ಗಾರೆ ಕೆಲಸದ ನಂಜಪ್ಪ ನಾಲ್ಕು ದಿನ ಕೂತು ಬಾಗಿಲ ಮೇಲಿನ ಗೋಡೆಯಲ್ಲಿ ಅರ್ಧ ಸೂರ್ಯನನ್ನೂ ಸುತ್ತ ಕಿರಣಗಳನ್ನೂ ಸಿಮೆಂಟಿನಲ್ಲಿ ಮೂಡಿಸಿದ್ದ.

"ಪಶ್ಚಿಮದ ಬಾಗ್ಲು ಕಣಯ್ಯ ಇದು! ಮುಳುಗೋ ಸೂರ್ಯನ್ನ ಕೂರಿಸಿದ್ದೀಯ. ಒಡೆದಾಕ್ತೀನಿ!"

ಕೆಲಸದ ಅಟ್ಟಣಿಗೆಯ ಮೇಲೇ ಇದ್ದ ನಂಜಪ್ಪ ಸೂರ್ಯನಿಗೆ ಅಡ್ಡ ನಿಂತ.

"ಮೊದ್ಲು ನನ್ ಮ್ಯಾಲೆ ಹೊಡೀರಿ, ಯಜಮಾನ್ರೇ."

ತಾತ ಸುತ್ತಿಗೆ ಎತ್ತಿಯೇಬಿಟ್ಟರು. ಕೆಳಗೆ ಏಣಿ ಹಿಡಿದಿದ್ದ ಅಮ್ಮ ಕೂಗಿದಳು: "ಮಾವ, ಬಣ್ಣ ಇನ್ನೂ ಹಚ್ಚಿಲ್ವಲ್ಲ! ಕೆಂಪು ಹಚ್ಚಿದ್ರೆ ತಾನೇ ಮುಳುಗೋದು? ಹಳದಿ ಹಚ್ಚಿಸಿ, ಹುಟ್ಲಿ."

ತಾತ ಸುತ್ತಿಗೆ ತಗ್ಗಿಸಿ, ಹಳದಿ ಬಣ್ಣ ತರಲು ಹೇಳಿ ಏಣಿ ಇಳಿದರು.

ಊರಿಗೆಲ್ಲ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ. ನಮ್ಮ ಮನೆಯಲ್ಲಿ ಅಮ್ಮ ಹೇಳಿದ ಕಡೆ.