ರೊಟ್ಟಿ ಮುರಿದು ಮೈಕು ನೋಡುವವನು

ಗದಗ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಲಕ್ಷ್ಮೇಶ್ವರದಲ್ಲಿ ಪಡಸಾಲೆಯನ್ನೇ ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದವನೊಬ್ಬನ ಬಳಿ ಇದ್ದುದು ಅಗ್ಗದ ಒಂದೇ ಕಂಡೆನ್ಸರ್ ಮೈಕು. ಶಾಲೆಯಲ್ಲಿ ಪಾಠ ಮುಗಿಸಿ ನಾನು ಬೀಜದಂಗಡಿಯ ಜಾಹೀರಾತು ಓದಲು ಹೋದರೆ, ಆತ ಮೊದಲು ಅದರ ಮುಂದೆ ಖಡಕ್ ರೊಟ್ಟಿಯೊಂದನ್ನು ಮುರಿದು, ಮೈಕು ಸರಿಯಿದೆಯೇ ಎಂದು ಆ ಸದ್ದನ್ನು ಹೆಡ್‌ಫೋನಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ.

ಆ ಮೈಕಿನಲ್ಲಿ ನನ್ನ ‘ಸ’ಕಾರ ಸೂಜಿಯಂತೆ ಚುಚ್ಚುತ್ತಿತ್ತು, ಎದೆಯ ದನಿ ತೆಳುವಾಗುತ್ತಿತ್ತು. ದೂರಿದರೆ ಆತನದು ಒಂದೇ ಮಾತು: “ಅದರ ಸ್ವಭಾವ ಹಂಗೈತ್ರಿ ಮಾಸ್ತರ್ರ. ನಾವ ಸ್ವಲ್ಪ ಬಾಜೂಕ ಸರದು ಕುಂಡ್ರಬೇಕು.”

ಒಂದು ಸಂಜೆ ರೊಟ್ಟಿ ಮುರಿದವನೇ ಹುಬ್ಬು ಗಂಟಿಕ್ಕಿದ. “ಮೈಕ್ ಕೆಟ್ಟೈತ್ರಿ. ಸದ್ದು ಮಂದ ಬರಾಕತ್ತೈತಿ.” ವೈರು ಬದಲಿಸಿದ, ಮತ್ತೊಂದು ರೊಟ್ಟಿ ಮುರಿದ, ತಲೆಯಾಡಿಸಿದ.

ಒಳಗಿನಿಂದ ಆತನ ಹೆಂಡತಿ ಬಂದಳು. “ಮೈಕಿಗೇನೂ ಆಗಿಲ್ರಿ. ನನ್ನ ಮುಂಗೈ ನೋಯಾಕತ್ತು ವಾರ ಆತು, ರೊಟ್ಟಿ ಬಡಿಯಾಕ ಆಗವಲ್ದು. ಇವು ಖಾನಾವಳಿ ರೊಟ್ಟಿ, ಅಷ್ಟು ಖಡಕ್ ಇರಂಗಿಲ್ಲ.”

ವಾರವಿಡೀ ಅವನ್ನೇ ತಿಂದಿದ್ದವನು ಹೆಡ್‌ಫೋನು ತೆಗೆದಿಟ್ಟ. “ಎಲ್ಲಿ, ಕೈ ತೋರ್ಸು” ಎಂದ.

ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

“ಇವರ ಸ್ವಭಾವ ಹಂಗೈತ್ರಿ ಮಾಸ್ತರ್ರ. ನಾನ ಬಾಜೂಕ ಸರದು ಕುಂತು ಇಪ್ಪತ್ತು ವರ್ಷ ಆತು.”